ವಾಹನ ವ್ಯಾಪಾರಿಗಳ ವರ್ಷದ ಲೆಕ್ಕ, ನಮ್ಮ ಲೆಕ್ಕ



ಕಾರು, ಬೈಕು, ಟ್ರಾಕ್ಟರು ಮಾರುವ ಡೀಲರುಗಳಿಗೂ ಒಂದು ಸಂಘವಿದೆ. ಊರೂರಿನ ವಾಹನ ವ್ಯಾಪಾರಿಗಳ ಸಂಘಗಳೆಲ್ಲ ಸೇರಿ 1964ರಲ್ಲಿ ಕಟ್ಟಿಕೊಂಡ ಅಖಿಲ ಭಾರತ ಒಕ್ಕೂಟ ಅದು. ಚಿಕ್ಕದಾಗಿ ‘ಫಾಡಾ’ ಅಂತಾರೆ. ವರ್ಷ ಮುಗಿದ ಮೇಲೆ ಏನು ಮಾರಿದೆವು, ಸರ್ಕಾರದಿಂದ ಏನು ಪಡೆದೆವು, ಇನ್ನೇನು ಬಾಕಿ ಎಂದು ಅದು ಲೆಕ್ಕ ಹಾಕುತ್ತದೆ. ‘ಕಾರು ಮಾರೋರ ಗೊಡವೆ ನಮಗ್ಯಾಕೆ?’ ಎಂದು ಪುಟ ತಿರುವಬೇಡಿ. ಆ ಲೆಕ್ಕದೊಳಗೆ ನೀವೂ ಇದ್ದೀರಿ.

ಈ ಒಕ್ಕೂಟ ತಿಂಗಳು ತಿಂಗಳೂ ಅಂಕಿ ಪ್ರಕಟಿಸುತ್ತದೆ. ಕಾರ್ಖಾನೆ ಎಷ್ಟು ಕಳಿಸಿತು ಎಂಬುದಲ್ಲ, ಎಷ್ಟು ಗಾಡಿ ನಿಜವಾಗಿ ನೋಂದಣಿಯಾಯಿತು ಎಂಬ ಅಂಕಿ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಟ್ರಾಕ್ಟರು ಸುಮಾರು 8.8 ಲಕ್ಷ, ಹಿಂದಿನ ವರ್ಷಕ್ಕಿಂತ ತುಸು ಕಡಿಮೆ. ಮಳೆ ಹೇಗಾಯಿತು, ಹಿಂಗಾರು ಹೇಗಿದೆ, ಹಳ್ಳಿಯವನ ಕೈಯಲ್ಲಿ ದುಡ್ಡಿದೆಯೋ ಇಲ್ಲವೋ, ಇವೆಲ್ಲ ಅವರ ವರದಿಗಳಲ್ಲಿ ಬರುತ್ತವೆ. ನಮ್ಮ ಹೊಲದ ಮಳೆಯ ಲೆಕ್ಕವನ್ನು ಶೋರೂಮಿನವರು ಬರೆದಿಡುತ್ತಾರೆ. ನಾವು ಬರೆದಿಡುತ್ತೇವೆಯೇ?

ಅವರಿಗೂ ಕಷ್ಟವಿದೆ, ಇಲ್ಲವೆನ್ನುವುದಿಲ್ಲ. ಕಂಪನಿ ತಳ್ಳಿದ ಗಾಡಿಗಳನ್ನು ಡೀಲರು ಬ್ಯಾಂಕಿನ ಸಾಲದಲ್ಲಿ ಕೊಂಡು ನಿಲ್ಲಿಸಿಕೊಳ್ಳಬೇಕು. ಮಾರುವ ತನಕ ಬಡ್ಡಿ ಓಡುತ್ತಲೇ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ 80ರಿಂದ 85 ದಿನಕ್ಕೆ ಸಾಲುವಷ್ಟು ಕಾರುಗಳು, ಸುಮಾರು 79 ಸಾವಿರ ಕೋಟಿ ರೂಪಾಯಿಯ ಮಾಲು, ಮಾರಾಟವಾಗದೆ ನಿಂತಿವೆ ಎಂದು ಒಕ್ಕೂಟ ಬಹಿರಂಗವಾಗಿ ಕೂಗಿತು. 2021ರಲ್ಲಿ ಫೋರ್ಡ್ ಕಂಪನಿ ಇಲ್ಲಿನ ತಯಾರಿಕೆ ನಿಲ್ಲಿಸುತ್ತೇನೆಂದಾಗ, ಡೀಲರುಗಳ ರಕ್ಷಣೆಗೆ ಕಾನೂನು ಬೇಕು ಎಂದು ಹಟ ಹಿಡಿಯಿತು. ದೊಡ್ಡವನು ಚಿಕ್ಕವನ ಮೇಲೆ ಹೊರೆ ಹಾಕುವುದು ಎಲ್ಲಾ ಕಡೆಯೂ ಒಂದೇ. ಆದರೆ ಅವರ ಕಾರು 80 ದಿನ ನಿಂತರೂ ಕೊಳೆಯುವುದಿಲ್ಲ. ನಿಮ್ಮ ಟೊಮ್ಯಾಟೊ ಎಂಟು ದಿನ ನಿಲ್ಲುತ್ತದೆಯೇ?

ಇನ್ನು ತೆರಿಗೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ, ಟ್ರಾಕ್ಟರಿನದು 12ರಿಂದ 5ಕ್ಕೆ ಇಳಿಯಿತು. ಕಾರಿನ ಮೇಲಿನ ಸೆಸ್ ಹೋಯಿತು. ತಾವು ಮೊದಲೇ ಕಟ್ಟಿದ ಸೆಸ್ಸಿನ ಹಣ ಪುಸ್ತಕದಲ್ಲೇ ಸಿಕ್ಕಿಕೊಂಡಿತೆಂದು ಡೀಲರುಗಳು ಆ ಕೂಡಲೇ ಸರ್ಕಾರದ ಬಾಗಿಲು ತಟ್ಟಿದರು. ಟ್ರಾಕ್ಟರಿನ ತೆರಿಗೆ ಇಳಿದದ್ದು ನಮಗೂ ಒಳ್ಳೆಯದೇ. ಆದರೆ ಎಷ್ಟು ಒಳ್ಳೆಯದು? ಕೂತು ಲೆಕ್ಕ ಹಾಕೋಣ.

ತೆರಿಗೆ ಬಿಟ್ಟು 7 ಲಕ್ಷ ರೂಪಾಯಿಯ ಟ್ರಾಕ್ಟರು ಎಂದಿಟ್ಟುಕೊಳ್ಳಿ. ಮೊದಲು 7,84,000 ಆಗುತ್ತಿತ್ತು, ಈಗ 7,35,000. ಉಳಿದದ್ದು 49 ಸಾವಿರ. 2025-26ರ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400. ಆ ಬೆಲೆ ಸಿಕ್ಕಿದರೆ ಮೊದಲು 327 ಕ್ವಿಂಟಾಲು ಮಾರಬೇಕಿತ್ತು, ಈಗ 306 ಸಾಕು. ಆದರೆ ಆ ಬೆಲೆ ಯಾರಿಗೆ ಸಿಕ್ಕಿತು? 2025ರ ನವೆಂಬರಿನಲ್ಲಿ ಖರೀದಿ ಕೇಂದ್ರ ತೆರೆಯಿರಿ ಎಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿಯಬೇಕಾಯಿತು. ಪೇಟೆಯಲ್ಲಿ ದರ 2 ಸಾವಿರದ ಕೆಳಗೆ ಬಿದ್ದಿತ್ತು. 1,800ಕ್ಕೆ ಮಾರಿದವನಿಗೆ ಅದೇ ಟ್ರಾಕ್ಟರಿಗೆ 408 ಕ್ವಿಂಟಾಲು ಬೇಕು. ತೆರಿಗೆಯಲ್ಲಿ 20 ಚಿಲ್ಲರೆ ಕ್ವಿಂಟಾಲು ಕೊಟ್ಟರು, ಬೆಲೆಯಲ್ಲಿ 102 ಕ್ವಿಂಟಾಲು ಕಿತ್ತುಕೊಂಡರು. ಇದು ಉಪಕಾರವೋ, ಮೋಸವೋ? ನೀವೇ ಹೇಳಿ.

ಕೊರತೆ ಬಿದ್ದದ್ದನ್ನು ತುಂಬುವುದು ಯಾವುದು? ಸಾಲ. ಕಂತು ತಪ್ಪಿದರೆ ಟ್ರಾಕ್ಟರು ಫೈನಾನ್ಸಿನವನ ಅಂಗಳಕ್ಕೆ, ಮಾನ ಊರ ಬಾಯಿಗೆ.

ಹಾಗೆಂದು ಡೀಲರುಗಳ ಮೇಲೆ ಹೊಟ್ಟೆಕಿಚ್ಚು ಪಟ್ಟು ಫಲವಿಲ್ಲ. ಗಾಡಿ ಕೊಳ್ಳುವಾಗ ಎಚ್ಚರವಾಗಿರಿ: ವಿಮೆ ಇಲ್ಲೇ ಮಾಡಿಸಬೇಕು, ನಿರ್ವಹಣಾ ಶುಲ್ಕ ಕೊಡಬೇಕು ಎಂದರೆ ಯಾವ ಕಾನೂನಿನಲ್ಲಿದೆ ಎಂದು ಕೇಳಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ಅದರ ಜೊತೆಗೆ ಅವರಿಂದ ಒಂದು ಪಾಠವನ್ನೂ ಕಲಿಯಿರಿ. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಮಾಡುವವರು ತಮ್ಮ ಹಿತದ ಮಾತು ಬಂದಾಗ ಒಂದೇ ಪುಸ್ತಕ ಹಿಡಿದು ದೆಹಲಿಗೆ ಹೋಗುತ್ತಾರೆ. ನಾವು ಒಂದೇ ಊರಿನಲ್ಲಿದ್ದರೂ ಪಕ್ಕದ ಹೊಲದವನು ಯಾವ ದರಕ್ಕೆ ಮಾರಿದ ಎಂಬುದು ಗೊತ್ತಿರುವುದಿಲ್ಲ. ಕೇಳಿದರೆ ಹೆಚ್ಚಿಗೆ ಹೇಳುತ್ತೇವೆ, ಮರ್ಯಾದೆ ನೋಡಿ!

ಈ ಸುಗ್ಗಿಯಿಂದ ಊರಿಗೊಂದು ನೋಟ್‌ಬುಕ್ ಇಡಿ. ಬೀಜ, ಗೊಬ್ಬರ, ಡೀಸೆಲ್ಲು, ಆಳಿನ ಕೂಲಿ, ಮನೆಯವರ ದುಡಿಮೆಯ ಕೂಲಿ, ಭೂಮಿಯ ಗೇಣಿ, ಸಾಲದ ಬಡ್ಡಿ ಎಲ್ಲ ಬರೆಯಿರಿ. ಮಾರಿದ ದಿನ, ದರ, ತೂಕದ ಚೀಟಿ ಜೋಡಿಸಿ. ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿದ್ದು ಖರ್ಚಿನ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಬೆಲೆ ಕೊಡಿ ಎಂದು. ಆ ಖರ್ಚು ಎಷ್ಟೆಂದು ಅಧಿಕಾರಿ ಕೇಳಿದಾಗ ನಮ್ಮ ಕೈಯಲ್ಲಿ ಪುಸ್ತಕವಿರಬೇಕು. ಬಾಯಿ ಮಾತಿನ ಕಷ್ಟವನ್ನು ಅವರು ಅರ್ಜಿಯೆಂದು ತೆಗೆದಿಟ್ಟುಬಿಡುತ್ತಾರೆ. ನೂರು ಹಳ್ಳಿಯ ಪುಸ್ತಕವನ್ನು ಹಾಗೆ ತೆಗೆದಿಡುವುದು ಸುಲಭವಲ್ಲ.

ಕಾರು ಮಾರುವವರು ತಮ್ಮ ವರ್ಷದ ಲೆಕ್ಕ ಒಪ್ಪಿಸಿದ್ದಾರೆ. ನಮ್ಮ ಲೆಕ್ಕ ಯಾವಾಗ?