ಯುದ್ಧ ಮುಗಿದ ಮೇಲೆ ಕೋಟೆಗೇನು ಕೆಲಸ?

ಕುರುಗೋಡಿಗೆ ಹೋದವರೆಲ್ಲ ದೊಡ್ಡಬಸವೇಶ್ವರನಿಗೆ ಕೈಮುಗಿಯುತ್ತಾರೆ. ಒಂದೇ ಕಲ್ಲಿನಲ್ಲಿ ಕಡೆದ ಆ ಭಾರಿ ಬಸವನನ್ನು ಕತ್ತೆತ್ತಿ ನೋಡಿ, ಕಾಯಿ ಒಡೆಸಿ, ಮಂಡಕ್ಕಿ ಮಿರ್ಚಿ ತಿಂದು ಬಸ್ಸು ಹತ್ತುತ್ತಾರೆ. ಗುಡ್ಡದ ಮೇಲಿನ ಹಾಳುಕೋಟೆಯ ಕಡೆ ತಿರುಗಿ ನೋಡುವವರು ಕಡಿಮೆ. 12ನೇ ಶತಮಾನದಲ್ಲಿ ಈ ಊರು ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು ಎಂಬುದು ಇಲ್ಲಿಯ ಎಷ್ಟು ಮಕ್ಕಳಿಗೆ ಗೊತ್ತು?

ಹತ್ತಿರದ ಬಳ್ಳಾರಿ ಕೋಟೆಯ ಕಥೆ ಬೇರೆ. ಮೇಲುಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಅಧೀನದಲ್ಲಿದ್ದ ಪಾಳೆಯಗಾರ ಹನುಮಪ್ಪ ನಾಯಕ. ಬೋಳು ಬಂಡೆಗುಡ್ಡದ ಮೇಲೆ ನೀರಿಗೇನು ಮಾಡುವುದು? ಬಂಡೆಗಳ ಆಳವಾದ ಸೀಳುಗಳಲ್ಲಿ ಮಳೆನೀರು ನಿಲ್ಲಿಸಿಕೊಂಡರು. 18ನೇ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿ ಫ್ರೆಂಚ್ ಇಂಜಿನಿಯರನೊಬ್ಬನ ನೆರವಿನಿಂದ ಕೆಳಕೋಟೆಯನ್ನು ಸೇರಿಸಿದ. ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆಯೆಂದು ಆಮೇಲೆ ತಿಳಿದು, ಆ ಇಂಜಿನಿಯರನನ್ನೇ ನೇಣಿಗೆ ಹಾಕಿಸಿದನಂತೆ. ಇದು ಜನರ ಬಾಯಲ್ಲಿ ಉಳಿದ ಕಥೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ.

ಕಾಲ ಕಳೆದಂತೆ ಕೋಟೆಗೆ ಕಾವಲಿನ ಕೆಲಸ ತಪ್ಪಿತು. ಆದರೆ ಕೆಳಕೋಟೆ ಪಾಳುಬೀಳಲಿಲ್ಲ. ಕಚೇರಿಗಳು, ಶಾಲೆಗಳು, ಚರ್ಚುಗಳು ಅದರೊಳಗೆ ನೆಲೆಸಿದವು. ಕೋಟೆ ಆಂಜನೇಯನ ಗುಡಿಗೆ ಜನ ಬರುತ್ತಲೇ ಇದ್ದಾರೆ. ಸೈನಿಕರಿಗಾಗಿ ಎಬ್ಬಿಸಿದ ಗೋಡೆಗಳ ನಡುವೆ ಈಗ ಮಕ್ಕಳು ಪಾಠ ಕಲಿಯುತ್ತಾರೆ.

ಇಟಲಿಯ ಟಸ್ಕನಿ ಪ್ರಾಂತ್ಯದ ಬ್ರೋಲಿಯೊ ಕೋಟೆಯದೂ ಇಂಥದೇ ಎರಡನೆಯ ಬದುಕು. 1141ರಿಂದ ಅದು ರಿಕಾಸೋಲಿ ಮನೆತನದ್ದು. ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ಜಗಳದಲ್ಲಿ ಮತ್ತೆ ಮತ್ತೆ ಏಟು ತಿಂದ ಕೋಟೆ ಅದು. 19ನೇ ಶತಮಾನದಲ್ಲಿ ಅದರ ಒಡೆಯ ಬೆಟ್ಟಿನೊ ರಿಕಾಸೋಲಿ, ಇಟಲಿಯ ಪ್ರಧಾನಿಯೂ ಆಗಿದ್ದವನು, ಸುತ್ತಲಿನ ದ್ರಾಕ್ಷಿತೋಟಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಕಿಯಾಂಟಿ ಎಂಬ ಹೆಸರಾಂತ ದ್ರಾಕ್ಷಾರಸಕ್ಕೆ ಯಾವ ಜಾತಿಯ ಹಣ್ಣು ಏಕೆ ಬೇಕೆಂದು 1872ರಲ್ಲಿ ಪತ್ರ ಬರೆದು ತಿಳಿಸಿದ. ಇಂದಿಗೂ ತೋಟವೇ ಕೋಟೆಯನ್ನು ಸಾಕುತ್ತಿದೆ.

ನಮ್ಮ ಕೋಟೆಗಳಲ್ಲಿ ದ್ರಾಕ್ಷಿ ಬೆಳೆಯಬೇಕೆಂದು ಇದರರ್ಥವಲ್ಲ. ಬ್ರೋಲಿಯೊಗೆ ಒಡೆಯರಿದ್ದಾರೆ, ಆದಾಯವಿದೆ. ಗೋಡೆ ಕುಸಿದರೆ ನಷ್ಟ ಯಾರದೆಂದು ಅವರಿಗೆ ಗೊತ್ತು. ನಮ್ಮ ಹಾಳುಕೋಟೆ ಎಲ್ಲರದು. ಆದ್ದರಿಂದಲೇ ಅದು ಯಾರದೂ ಅಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಬಿದ್ದ ಕಲ್ಲು ಯಾರದೋ ಹಿತ್ತಲಿನ ಗೋಡೆ ಸೇರುತ್ತದೆ. ನಿಂತ ಕಲ್ಲಿನ ಮೇಲೆ ಪ್ರೇಮಿಗಳ ಹೆಸರು ಏಳುತ್ತದೆ. ಬಳಕೆಗೂ ಮಿತಿ ಬೇಕು ಎನ್ನುವುದು ನಿಜ. ಹಳೆಯ ಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಅದು ಕೋಟೆಯನ್ನು ಉಳಿಸಿದಂತಾಗದು.

ಹಾಗಾದರೆ ಕುರುಗೋಡಿನ ಕೋಟೆಗೆ ಏನು ಕೆಲಸ ಕೊಡೋಣ? ಪಾಠಶಾಲೆಯ ಕೆಲಸ ಕೊಡಬಹುದು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುನ್ನ, ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹೋಗಲಿ. ನೀರು ಎಲ್ಲಿ ನಿಲ್ಲುತ್ತಿತ್ತು, ಗೋಡೆ ಯಾವ ದಿಕ್ಕಿಗೆ ಗಟ್ಟಿ, ಶತ್ರು ಯಾವ ಕಡೆಯಿಂದ ಬರಬಹುದಿತ್ತು ಎಂದು ಮಕ್ಕಳೇ ಹುಡುಕಿ ನಕಾಶೆ ಬರೆಯಲಿ. ಮುಂದಿನ ವರ್ಷ ಅದೇ ನಕಾಶೆ ಹಿಡಿದು ಮತ್ತೆ ಹೋಗಲಿ. ಎಷ್ಟು ಕಲ್ಲು ಕಾಣೆಯಾಗಿವೆ ಎಂದು ಆಗ ಅವರೇ ಲೆಕ್ಕ ಹೇಳುತ್ತಾರೆ. ಕೇಳಿದ ನಾವು ಉತ್ತರ ಕೊಡಬೇಕಾಗುತ್ತದೆ.