ನೀರಿಗೂ ಬೆಲೆಯೇ?

ನಾಲ್ಕು ಜನ ಕೂಡಿದರೆ ಹರಟೆ. ನಾನೂರು ಜನ ಕೂಡಿದರೆ ಮದುವೆ. ಲಕ್ಷ ಜನ ಕೂಡಿದರೆ ಅದೊಂದು ಊರು. ಊರೆಂದ ಮೇಲೆ ನೀರು, ನೆರಳು, ಶೌಚ, ಕಾವಲು ಎಲ್ಲವೂ ಬೇಕು. ಇದನ್ನು ಮರೆತು ಬರಿಯ ವೇದಿಕೆಯನ್ನು ಕಟ್ಟಿದರೆ ಸಂಗೀತೋತ್ಸವವೂ ಸಮರಾಂಗಣವಾದೀತು. ಅಮೆರಿಕೆಯ 'ವುಡ್‌ಸ್ಟಾಕ್' ಇದಕ್ಕೆ ಸಾಕ್ಷಿ.

ಮೊದಲ ವುಡ್‌ಸ್ಟಾಕ್ ನಡೆದುದು 1969ರ ಆಗಸ್ಟ್ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಹುಲ್ಲುಗಾವಲಿನಲ್ಲಿ. ಬಂದವರು ಸುಮಾರು 4 ಲಕ್ಷ ಮಂದಿ. ಬೇಲಿ ಪೂರ್ತಿಯಾಗಿರಲಿಲ್ಲವಾಗಿ ಟಿಕೆಟ್ಟಿನ ಮಾತೇ ಬಿದ್ದುಹೋಯಿತು. ರಸ್ತೆಗಳು ಕಟ್ಟಿಕೊಂಡುವು, ಆಹಾರ ಸಾಲದಾಯಿತು, ಮಳೆ ಸುರಿಯಿತು. ಪಂಡಿತ ರವಿಶಂಕರರು ಸಿತಾರ್ ನುಡಿಸಿದುದು ಆ ಮಳೆಯಲ್ಲಿಯೇ. ಸಾವುಗಳೂ ಸಂಭವಿಸಿದುವು. ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಅದು ಶುದ್ಧ ಅಧ್ವಾನ. ಆದರೂ ದೊಂಬಿಯಾಗಲಿಲ್ಲ.

ಏಕೆ? ಸುತ್ತಣ ಊರುಗಳವರು ಆಹಾರ ಕಳುಹಿಸಿಕೊಟ್ಟರು. 'ಹಾಗ್ ಫಾರ್ಮ್' ಎಂಬ ತಂಡದವರು ಸಾವಿರಾರು ಜನಕ್ಕೆ ಬಡಿಸಿದರು. ಅಕ್ಕಪಕ್ಕದ ಕೆಲವರು ನೀರನ್ನು ಮಾರುತ್ತಿರುವರೆಂದು ಕೇಳಿ ಯಾಸ್ಗರ್ ಕೆರಳಿದರು. ನೀರಿಗೆ ಯಾರಾದರೂ ದುಡ್ಡು ಕೇಳುವುದುಂಟೆ ಎಂದು ಮೇಜನ್ನು ಗುದ್ದಿದರಂತೆ! ತಮ್ಮ ಕೊಟ್ಟಿಗೆಯ ಮೇಲೆ 'ನೀರು ಉಚಿತ' ಎಂದು ದೊಡ್ಡ ಫಲಕವನ್ನೇ ಹಾಕಿದರು. ನಮ್ಮಲ್ಲಿ ಅರವಟ್ಟಿಗೆ ಇಟ್ಟ ಹಿರಿಯರಿಗೂ ಆ ಹೈನುಗಾರರಿಗೂ ಏನು ಭೇದ?

ಮೂವತ್ತು ವರ್ಷಗಳ ತರುವಾಯ, 1999ರ ಜುಲೈ 22ರಿಂದ 25ರವರೆಗೆ, ಅದೇ ಹೆಸರಿನ ಉತ್ಸವ ಅದೇ ರಾಜ್ಯದ ರೋಮ್ ಪಟ್ಟಣದಲ್ಲಿ ನಡೆಯಿತು. ಮೊದಲ ಉತ್ಸವದ ರೂವಾರಿಗಳಲ್ಲೊಬ್ಬರಾದ ಮೈಕೇಲ್ ಲ್ಯಾಂಗ್ ಇಲ್ಲಿಯೂ ಇದ್ದರು. ಈ ಸಲ ಹುಲ್ಲುಗಾವಲಿಲ್ಲ. ಮುಚ್ಚಿದ್ದ ವಾಯುಪಡೆಯ ನೆಲೆ. ಕಾಲಡಿಯಲ್ಲಿ ಕಾಂಕ್ರೀಟು, ನೆತ್ತಿಯ ಮೇಲೆ ಸುಮಾರು 38 ಡಿಗ್ರಿಯ ಬಿಸಿಲು. ಬೇಲಿಯೇನೋ ಬಲು ಭದ್ರ! 150 ಡಾಲರು ತೆತ್ತು ಒಳಹೊಕ್ಕವರಿಗೆ ಒಂದು ಬಾಟಲಿ ನೀರಿಗೆ 4 ಡಾಲರು, ಅಂದರೆ ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು 170 ರೂಪಾಯಿ. ಪುಕ್ಕಟೆ ನಲ್ಲಿಗಳ ಮುಂದೆ ಮುಗಿಯದ ಸಾಲು. ಕಾದು ಬೇಸತ್ತವರು ಕೊಳಾಯಿಗಳನ್ನೇ ಒಡೆದರು. ಆ ನೀರು ತುಂಬಿ ಹರಿಯುತ್ತಿದ್ದ ಶೌಚಗೃಹಗಳ ಹೊಲಸಿನೊಡನೆ ಬೆರೆಯಿತು. ಕಾವಲಿಗೆ ಅವಸರದಲ್ಲಿ ನೇಮಿಸಿಕೊಂಡ, ಸರಿಯಾದ ತರಬೇತಿಯಿಲ್ಲದ ಹುಡುಗರು. ಬಿಸಿಲಿನ ತಾಪದಿಂದ ಕುಸಿದ ತರುಣನೊಬ್ಬ ಆಸ್ಪತ್ರೆಯಲ್ಲಿ ಅಸುನೀಗಿದ.

ಕೊನೆಯ ರಾತ್ರಿ ಶಾಂತಿಯ ಸಂಕೇತವಾಗಿ ಹಚ್ಚಿರೆಂದು ಜನರಿಗೆ ಮೇಣದ ಬತ್ತಿಗಳನ್ನು ಹಂಚಿದರು. ಅವುಗಳಿಂದಲೇ ಬೆಂಕಿ ಹತ್ತಿತು. ಬೇಲಿಯ ಹಲಗೆಗಳು ಸೌದೆಯಾದುವು, ಲಾರಿಗಳು ಉರಿದುವು, ಅಂಗಡಿಗಳು ಸೂರೆಯಾದುವು. ಕಟ್ಟಕಡೆಗೆ ಶಾಂತಿಯನ್ನು ತಂದವರು ಲಾಠಿ ಹಿಡಿದ ಪೊಲೀಸರು.

ತಪ್ಪು ಯಾರದು? ರೋಷದ ಸಂಗೀತದ್ದೆಂದು ಕೆಲವರು, ಕೆಟ್ಟ ಕಾಲದ ಹುಡುಗರದೆಂದು ಕೆಲವರು. ಆದರೆ ಇಲ್ಲೊಂದು ವಿವೇಚನೆ ಅಗತ್ಯ. ಆ ದಿನಗಳಲ್ಲಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರಗಳು ನಡೆದುವೆಂದು ದೂರುಗಳು ದಾಖಲಾದುವು. ನೀರು ತುಟ್ಟಿಯೆಂಬುದು ಹೆಣ್ಣಿನ ಮೇಲೆ ಕೈಮಾಡಲು ನೆಪವಾಗಲಾರದು. ಆ ಪಾಪ ಮಾಡಿದವರದೇ. ಆದರೆ ಅಂಥವರಿಗೆ ಹೆದರಿಕೆಯಿಲ್ಲದಂತಾದುದು, ಸಾಧುವಾದವನೂ ಕೈಯಲ್ಲಿ ಕೊಳ್ಳಿ ಹಿಡಿಯುವಂತಾದುದು, ಇವು ವ್ಯವಸ್ಥಾಪಕರ ಲೆಕ್ಕದ ಪುಸ್ತಕದಿಂದ ಹುಟ್ಟಿದ ಅನರ್ಥಗಳು. ಬಂದವರನ್ನು ಅತಿಥಿಗಳೆಂದು ಕಂಡಲ್ಲಿ ಮಳೆ ಕೆಸರುಗಳನ್ನೂ ಜನ ನಗುತ್ತ ಸಹಿಸಿದರು. ಬರಿಯ ಗಿರಾಕಿಗಳೆಂದು ಕಂಡಲ್ಲಿ ಬೇಲಿಗೇ ಬೆಂಕಿಯಿಟ್ಟರು.

ನಿಮ್ಮ ಮಗನೋ ಮಗಳೋ ನಾಳೆ ದೊಡ್ಡದೊಂದು ಕಚೇರಿಗೆ ಹೋಗಲು ಹಣ ಕೇಳಿದರೆ ಗದರಬೇಡಿ, ವಾಚಕರೇ. ಹಾಡುವವರು ಯಾರೆಂದು ಅವರು ಹೇಳಿಯೇ ಹೇಳುತ್ತಾರೆ. ಕುಡಿಯುವ ನೀರೆಲ್ಲಿ, ಹೊರಬರುವ ದಾರಿ ಯಾವುದು ಎಂಬೆರಡು ಪ್ರಶ್ನೆಗಳನ್ನು ನೀವು ಕೇಳಿ.