ಬಿಡಿಸುವ ಮೊದಲು ಬರೆಯಲು ಕಲಿಯೋಣ

ಎರಡು ಸಮೀಕರಣ ಕೊಟ್ಟರೆ ನಾವೆಲ್ಲ ಬಿಡಿಸುತ್ತೇವೆ. ಆದೇಶ ವಿಧಾನ, ವರ್ಜಿಸುವ ವಿಧಾನ ಎಸ್ಸೆಸ್ಸೆಲ್ಸಿಯಲ್ಲೇ ಬಾಯಿಪಾಠ. ದ್ವಿತೀಯ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ವಿಧಾನವೂ ಸೇರುತ್ತದೆ. ಅದೇ ಲೆಕ್ಕವನ್ನು ನಾಲ್ಕು ಸಾಲಿನ ಮಾತಿನಲ್ಲಿ ಕೊಟ್ಟರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಹೆಡತಲೆಯಂಥ ಊರುಗಳಿಂದ ಕನ್ನಡ ಇಲ್ಲವೇ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಪ್ರಶ್ನೆ ಇನ್ನೂ ಕಷ್ಟ. ‘ನನಗೆ ಗಣಿತ ಬರುವುದಿಲ್ಲ’ ಎಂದು ಹಲವರು ಅಲ್ಲೇ ಕೈಬಿಡುತ್ತಾರೆ. ಅದು ತಪ್ಪು ತೀರ್ಮಾನ. ಅವರಿಗೆ ಇಲ್ಲದಿರುವುದು ಮಾತನ್ನು ಸಮೀಕರಣವಾಗಿಸುವ ಅಭ್ಯಾಸ, ಅಷ್ಟೆ.

ಈ ಅಭ್ಯಾಸ ನಮ್ಮ ನಾಡಿಗೆ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲೊಂದು ಲೆಕ್ಕದ ಸಾರ ಹೀಗಿದೆ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು 107, 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ಸೂತ್ರ ಹುಡುಕುವ ಮೊದಲು ಸ್ವಲ್ಪ ನೋಡಿ. ಎರಡನ್ನೂ ಕೂಡಿದರೆ 16 ಮಾದಲ, 16 ಬೇಲಕ್ಕೆ 208, ಅಂದರೆ ಒಂದು ಜೊತೆಗೆ 13. ಕಳೆದರೆ, 2 ಮಾದಲದ ಬೆಲೆ 2 ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಮಾದಲ 8, ಬೇಲ 5.

ಉತ್ತರ ಸಿಗದ ಲೆಕ್ಕಗಳೂ ಹೀಗೆಯೇ ಅರ್ಥವಾಗುತ್ತವೆ. 2 ಕೆಜಿ ಬಾಳೆಹಣ್ಣು, 3 ತೆಂಗಿನಕಾಯಿಗೆ 200 ರೂಪಾಯಿ. 4 ಕೆಜಿ, 6 ಕಾಯಿಗೆ 400 ಎಂದರೆ ಎರಡನೇ ಮಾತಿನಲ್ಲಿ ಹೊಸದೇನೂ ಇಲ್ಲ. ಬಿಡಿ ಬೆಲೆ ತಿಳಿಯದು. ಅದೇ ದರದಲ್ಲಿ 450 ಎಂದರೆ ಎರಡು ಮಾತೂ ಒಟ್ಟಿಗೆ ನಿಜವಾಗಲಾರವು. ಪುಸ್ತಕದ ‘ಅಪರಿಮಿತ ಪರಿಹಾರ’, ‘ಪರಿಹಾರವಿಲ್ಲ’ ಎಂದರೆ ಇಷ್ಟೇ.

ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿಯ ಗ್ರಂಥದ ‘ಅಲ್-ಜಬ್ರ್’ ಎಂಬ ಪದದಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂತು. ಆಸ್ತಿ ಪಾಲು, ವ್ಯಾಪಾರ, ಜಮೀನಿನ ಅಳತೆಗೆ ಜನರಿಗೆ ನೆರವಾಗಲೆಂದು ಅವರು ಅದನ್ನು ಬರೆದರು. ಇಬ್ಬರೂ ಲೆಕ್ಕವನ್ನು ಬದುಕಿನಿಂದ ಎತ್ತಿಕೊಂಡವರು.

ನಮ್ಮ ಕಾಲೇಜಿನಲ್ಲಿ ವಾರಕ್ಕೊಂದು ಪಿರಿಯಡ್ ಇದಕ್ಕೆ ಮೀಸಲಿಡಬೇಕೆಂಬುದು ನನ್ನ ಕೋರಿಕೆ. ಮನೆ, ಹೊಲ, ಸಂತೆಯಿಂದ ಒಬ್ಬೊಬ್ಬರು ಒಂದೊಂದು ಲೆಕ್ಕ ತರಲಿ. ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಲಿ. ತರಗತಿಯೆಲ್ಲ ಸೇರಿ ಸಮೀಕರಣ ಬರೆಯೋಣ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದೋಣ. ಪಾಠಗಳನ್ನು ಮುಗಿಸಲು ಸಮಯ ಸಾಲದು ಎಂಬ ಉಪನ್ಯಾಸಕರ ಚಿಂತೆ ನ್ಯಾಯವೇ. ಆದರೆ ಮೊದಲ ಸಾಲೇ ತಪ್ಪಿದರೆ ಮುಂದೆ ಕಲಿತ ಯಾವ ವಿಧಾನವೂ ಕೆಲಸಕ್ಕೆ ಬಾರದು.